ಅಂಬವ್ವನ ಹೂಂ

ಬಾಗಲಕೋಟೆಯ ಅರಳೆ ಪೇಟೆಗೆ ಇನ್ನೂ ಬೆಳಕು ಪೂರ್ತಿ ಇಳಿದಿಲ್ಲ. ಚಾದಂಗಡಿಯವನು ಒಲೆ ಊದುತ್ತಿದ್ದಾನೆ, ಹಮಾಲರು ಚೀಲಗಳ ಮೇಲೆ ಮಗ್ಗಲು ಬದಲಿಸುತ್ತಿದ್ದಾರೆ. ಮೂಲೆಯ ಗೋದಾಮಿನ ಕದ ತೆರೆದ ಹೆಂಗಸು ಮೊದಲು ಹೊಸ್ತಿಲ ಮುಂದೆ ಒದ್ದೆ ಗೋಣಿತಟ್ಟು ಹಾಸುತ್ತಾರೆ. ಕಾಲಿಗೆ ಅಂಟಿ ಬಂದ ಅರಳೆ ಅಲ್ಲೇ ಉಳಿಯಬೇಕು. ಒಳಗಿರುವ ಯಂತ್ರಕ್ಕೆ ಧೂಳು ಆಗದು, ಸೆಕೆ ಆಗದು, ಅರಳೆಯಂತೂ ಹತ್ತಿರ ಸುಳಿಯಕೂಡದು. ಅಂಥ ಯಂತ್ರವನ್ನು ತಂದಿಟ್ಟಿರುವುದು ಅರಳೆ ಗೋದಾಮಿನಲ್ಲಿ. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಈ ಓಣಿಯಲ್ಲಿ ಯಾರಿಗೂ ಅನ್ನಿಸಿದಂತಿಲ್ಲ.

ಕಸ ಹೊಡೆದು, ನೆಲ ಒರೆಸಿ, ಗಣಕಯಂತ್ರದ ಮುಸುಕು ತೆಗೆದು ಮಡಚಿಟ್ಟ ಮೇಲೆ ಆಕೆ ಒಂದು ಗಿಡ್ಡ ಸ್ಟೂಲು ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಅಷ್ಟು ಹೊತ್ತಿಗೆ ಸ್ವೆಟರ್ ತೊಟ್ಟು, ಮಫ್ಲರ್ ಸುತ್ತಿಕೊಂಡು ಪ್ರೋಗ್ರಾಮರ್ ಬಸಯ್ಯ ಬರುತ್ತಾರೆ. ಏಪ್ರಿಲ್ ತಿಂಗಳ ಬಾಗಲಕೋಟೆಯಲ್ಲಿ ಸ್ವೆಟರ್ ತೊಡುವ ಭಾಗ್ಯ ಈ ಯಂತ್ರದ ತಂಪು ಕೋಣೆಯಲ್ಲಿ ದುಡಿಯುವವರಿಗೆ ಮಾತ್ರ. ಬಿಸಿಲೇರಿದ ಮೇಲೆ ಕರೆಂಟಿನ ಭರವಸೆಯಿಲ್ಲ. ಹಾಗಾಗಿ ಇಲ್ಲಿ ಆಫೀಸು ಕೋಳಿ ಕೂಗುವ ಹೊತ್ತಿಗೇ ಶುರು.

ಬಸಯ್ಯ ಹಾಳೆ ಹರವಿಕೊಂಡು ಆಕೆಯ ಬೆನ್ನಿಗೆ ಓದತೊಡಗುತ್ತಾರೆ.

“ಒಬ್ಬ ಮನಷ್ಯಾನ ಕಾರ್ಡ್ ತಗೋ.”

“ಹೂಂ.”

“ಅವನ ಹಾಜರಿ ನೋಡು.”

“ಹೂಂ.”

“ತುಂಬಿದ್ರ ಬೋನಸ್ ಕೂಡ್ಸು. ಇಲ್ಲಂದ್ರ ಹಂಗ ಮುಂದ ನಡಿ.”

“ಹೂಂ.”

“ಮತ್ತ... ಆ ಹಳೇದೇನಿತ್ತಲ್ಲ, ಅದನ್ನ ಅಲ್ಲೇ...”

ಹೂಂ ಬರುವುದಿಲ್ಲ. ಬಸಯ್ಯ ಕಾಯುತ್ತಾರೆ. ಕಡೆಗೆ ಗೋಡೆಯ ಕಡೆಯಿಂದ ಮಾತು ಬರುತ್ತದೆ.

“ಅಲ್ಲೇ ಏನ್ರಿ, ಅಯ್ಯಾರ?”

ಬಸಯ್ಯ ಹಾಳೆಗೆ ಬಗ್ಗಿ ನೋಡಿ ತಲೆ ತುರಿಸಿಕೊಳ್ಳುತ್ತಾರೆ. ಒಬ್ಬನ ಲೆಕ್ಕ ಮುಗಿದ ಮೇಲೆ ಹಳೆಯ ಮೊತ್ತ ಅಳಿಸು ಎನ್ನುವ ಸಾಲನ್ನು ಅವರು ಬರೆದೇ ಇಲ್ಲ. ಹಾಗೇ ಬಿಟ್ಟಿದ್ದರೆ ಒಬ್ಬನ ಬೋನಸ್ಸು ಇನ್ನೊಬ್ಬನ ಪಗಾರಕ್ಕೆ ಹತ್ತಿಕೊಳ್ಳುತ್ತ ಹೋಗಿ, ಪಟ್ಟಿಯ ಕೊನೆಯ ಕೂಲಿಯವನು ಊರಿಗೇ ದೊಡ್ಡ ಶ್ರೀಮಂತನಾಗುತ್ತಿದ್ದ. ಪೆನ್ಸಿಲ್ಲಿಗೆ ಕೆಲಸ ಬೀಳುತ್ತದೆ. ಗೋಡೆಗೆ ಮುಖ ಮಾಡಿದ ಹೆಂಗಸು ಸೆರಗಿನಿಂದ ಎಲೆ ಅಡಿಕೆ ತೆಗೆಯುತ್ತಾರೆ.

ಹೆಸರು ಅಂಬವ್ವ. ತವರು ಇಳಕಲ್. ಹಾಜರಿ ಪಟ್ಟಿಯಲ್ಲಿ ಅವರ ಹುದ್ದೆ ಕಸ ಹೊಡೆಯುವುದು. ಹೂಂ ಅನ್ನುವ ಹುದ್ದೆ ಯಾವ ಪಟ್ಟಿಯಲ್ಲೂ ಇಲ್ಲ. ಇವತ್ತಿನ ಹೂಂ ಬಹುಶಃ ಕೊನೆಯದು; ಇನ್ನು ಸ್ವಲ್ಪ ಹೊತ್ತಿಗೆ ಅಂಬವ್ವನಿಗೆ ಪರೀಕ್ಷೆ ಇದೆ. ಬಸಯ್ಯನಂಥವರು ಹಾಳೆಯ ಮೇಲೆ ಬರೆದದ್ದನ್ನು ಕೀಲಿಮಣೆಯ ಯಂತ್ರದಲ್ಲಿ ಒತ್ತಿ ದಪ್ಪ ಕಾರ್ಡುಗಳಲ್ಲಿ ತೂತು ಬೀಳಿಸುವವರು ಹಜರತಬಿ. ಆ ತೂತುಗಳನ್ನು ಓದಿಯೇ ಗಣಕಯಂತ್ರ ನಡೆಯುವುದು. ಹಜರತಬಿ ಲಗ್ನವಾಗಿ ಹುಬ್ಬಳ್ಳಿಗೆ ಹೊರಟಿದ್ದಾರೆ. ಆ ಕುರ್ಚಿ ನನಗೆ ಕೊಡಿ ಎಂದು ಅಂಬವ್ವ ಕೇಳಿದ್ದಾರೆ. ಕರೆಂಟು ಹೋಗುವುದರೊಳಗೆ ಒಂದು ಪ್ರೋಗ್ರಾಮನ್ನು ತಪ್ಪಿಲ್ಲದೆ ಒತ್ತಿ ತೋರಿಸಿದರೆ ಕುರ್ಚಿ ಅವರದು. ಇಲ್ಲವಾದರೆ ವಿಜಾಪುರದಲ್ಲಿ ಟೈಪಿಂಗ್ ಪಾಸಾದ ಹುಡುಗಿಯೊಬ್ಬಳು ಸೋಮವಾರ ಬರುತ್ತಾಳೆ, ಅಂಬವ್ವ ಗೋಡೆ ನೋಡುತ್ತ ಉಳಿಯುತ್ತಾರೆ.

“ಪಗಾರ ಹೆಚ್ಚಿಗಿ ಬರ್ತದ, ಅದು ಯಾರಿಗೆ ಬ್ಯಾಡ್ರಿ? ಆದ್ರ ನಾಕ ವರ್ಷ ಗ್ವಾಡಿ ನೋಡೇನಿ. ಅದರ ಮ್ಯಾಲಿನ ಒಂದೊಂದು ಗೆರಿ ನನಗ ಬಾಯಿಪಾಠ. ಒಮ್ಮೆ ಈ ಕಡೆ ತಿರಗಿ ಕುಂಡ್ರಬೇಕಂತ ಆಸೆ ಅದ ನೋಡ್ರಿ” ಎನ್ನುತ್ತಾರೆ ಅವರು.

ಯಂತ್ರ ಈ ಊರಿಗೆ ಬಂದ ಕಥೆ ದೊಡ್ಡದೇನಲ್ಲ. ಮುಂಬೈಯಲ್ಲಿ ಗಿರಣಿಗಳ ಮುಷ್ಕರವಾಗಿ ಬಟ್ಟೆ ಗಿರಣಿಯೊಂದು ಬಾಗಿಲು ಹಾಕಿದಾಗ ಅಲ್ಲಿನ ಸಾಮಾನು ಹರಾಜಿಗೆ ಬಂತು. ಅರಳೆ ವ್ಯಾಪಾರಿ ಚಂದ್ರಶೇಖರಪ್ಪ ಸಾವ್ಕಾರರು ಹೋದದ್ದು ಹಿಂಜುವ ಯಂತ್ರ ಕೊಳ್ಳಲಿಕ್ಕೆ. ಅದು ಬೇರೆಯವರ ಪಾಲಾಯಿತು. ಬರಿಗೈಲಿ ಬರುವುದು ಹೇಗೆಂದು ಗಣಕಯಂತ್ರ ತಂದರು. ಬಂದ ಮೇಲೆ ಅದಕ್ಕೇನು ಮೇವು ಹಾಕಬೇಕೆಂದು ವಿಚಾರಿಸಿ, ಕೆರೂರಿನ ಬಸಯ್ಯನನ್ನೂ ಕಲಾದಗಿಯ ಮಲೀಕಸಾಬನನ್ನೂ ಹಿಡಿದು ತಂದರು. ಇಬ್ಬರೂ ಪುಣೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತು ಊರಲ್ಲಿ ಖಾಲಿ ಕೂತಿದ್ದವರು. ಇವತ್ತು ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಎಷ್ಟೋ ಗಿರಣಿ ಮತ್ತು ನೇಕಾರ ಸಂಘಗಳ ಪಗಾರದ ಲೆಕ್ಕ ಈ ಗೋದಾಮಿನಲ್ಲೇ ಆಗುತ್ತದೆ. ಸಾವ್ಕಾರರಿಗೆ ಯಂತ್ರದ ಬಗ್ಗೆ ಇಂದಿಗೂ ಏನೂ ತಿಳಿಯದು. ತಿಳಿಯದು ಎಂದು ಸಂಕೋಚವಿಲ್ಲದೆ ಹೇಳುತ್ತಾರೆ. ಈ ಗುಣ ಇವತ್ತು ಅಂಬವ್ವನ ಉಪಯೋಗಕ್ಕೆ ಬರಲಿದೆಯೆಂದು ಅವರಿಗೂ ಗೊತ್ತಿಲ್ಲ.

ಅಂಬವ್ವ ನೇಕಾರರ ಮನೆಯ ಮಗಳು. ಓದಿದ್ದು ನಾಲ್ಕನೆಯ ಇಯತ್ತೆ. ತವರಿನಲ್ಲಿ ಹೊಸ ಹಾಸಿನ ನೂಲು ಮಗ್ಗಕ್ಕೆ ಏರಿಸುವಾಗ ಅಜ್ಜಿ ಲಕ್ಕವ್ವ ಹಣಿಗೆಯ ಹಲ್ಲುಗಳಲ್ಲಿ ಒಂದೊಂದೇ ಎಳೆ ಪೋಣಿಸುತ್ತ ಬಾಯಲ್ಲಿ ಹೇಳುತ್ತಿದ್ದರು: ಕೆಂಪು, ಕೆಂಪು, ಕರಿ, ಒಂದು ಹಲ್ಲು ಬಿಡು. ಮೊಮ್ಮಗಳು ಹೂಂ ಅನ್ನಬೇಕು. ಹೂಂ ಬಂದ ಮೇಲೆಯೇ ಮುಂದಿನ ಎಳೆ. ಅಜ್ಜಿಯ ಕಟ್ಟಳೆಯೊಂದಿತ್ತು. ಹೂಂ ಅನ್ನುವವಳು ಮಗ್ಗದ ಕಡೆ ನೋಡಕೂಡದು.

“ನೋಡಿದ್ರ ಕಣ್ಣು ಹೂಂ ಅಂತದ, ಕಿವಿ ಮಲಗತದ ಅಂತಿದ್ಲು ನಮ್ಮಜ್ಜಿ. ಗ್ವಾಡಿ ಕಡೆ ಮಾರಿ ಮಾಡಿ ಕುಂಡ್ರಸ್ತಿದ್ಲು. ಕೈ ತಪ್ಪೂಕಿಂತ ಮದಲ ದನಿ ತಪ್ಪತದ್ರಿ. ದನಿ ಅಳಕಿತಂದ್ರ ಹೂಂ ಅನಬಾರ್ದು. ಅಷ್ಟ ನೋಡ್ರಿ ವಿದ್ಯಾ.”

ಬಾಗಲಕೋಟೆಗೆ ಸೊಸೆಯಾಗಿ ಬಂದ ಮೇಲೆ ಆ ವಿದ್ಯೆಗೆ ಕೆಲಸವಿರಲಿಲ್ಲ. ಗಂಡ ಹುಚ್ಚಪ್ಪ ಇದೇ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಒಂದು ದಿನ ಅರಳೆ ತುಂಬಿದ ಅಂಡಿಗೆ ಜಾರಿ ಬೆನ್ನ ಮೇಲೆ ಬಿತ್ತು. ದವಾಖಾನೆಯಿಂದ ಎದ್ದು ಬಂದರಾದರೂ ಮತ್ತೆ ಭಾರ ಹೊರಲಾಗಲಿಲ್ಲ. ಅಂಬವ್ವ ಕಂಡವರ ಮನೆಯ ಮುಸುರೆ ತಿಕ್ಕಿದರು, ಜಿನ್ನಿಂಗ್ ಗಿರಣಿಯಲ್ಲಿ ಹತ್ತಿ ಆರಿಸಿದರು, ಕೆಮ್ಮು ಹತ್ತಿಸಿಕೊಂಡು ಬಿಟ್ಟರು. ಕಡೆಗೆ ಈ ಗೋದಾಮಿನ ಕಸಬರಿಗೆ ಹಿಡಿದರು. ಆ ದಿನಗಳ ಬಗ್ಗೆ ಕೇಳಿದರೆ, “ಆತು, ಹೋತು” ಎಂದು ಕೈ ಝಾಡಿಸುತ್ತಾರೆ.

ಮೊದಲ ಹೂಂ ಬಂದದ್ದು ಬಾಯಿತಪ್ಪಿ. ಯಂತ್ರ ಬಂದ ಹೊಸತು. ಇಳಕಲ್ಲಿನ ನೇಕಾರ ಸಂಘವೊಂದರ ಲೆಕ್ಕ ಹಾಕಿದಾಗ ಇಡೀ ಸಂಘದಲ್ಲಿ ಒಬ್ಬರಿಗೂ ಹಾಜರಿ ಬೋನಸ್ ಬರಲಿಲ್ಲ. ನೇಕಾರರು ಹೆಂಡಿರು ಮಕ್ಕಳ ಸಮೇತ ಟೆಂಪೋ ಮಾಡಿಕೊಂಡು ಬಂದು ಗೋದಾಮಿನ ಮುಂದೆ ಕೂತರು. ಒಳಗೆ ಬಸಯ್ಯ ಊಟ ಬಿಟ್ಟು ಬರೆದದ್ದನ್ನೇ ಮತ್ತೆ ಮತ್ತೆ ಗಟ್ಟಿಯಾಗಿ ಓದಿಕೊಳ್ಳುತ್ತ ಅಡ್ಡಾಡುತ್ತಿದ್ದರು. ನೆಲ ಒರೆಸುತ್ತಿದ್ದ ಅಂಬವ್ವ ತನ್ನರಿವಿಲ್ಲದೆ ಹೂಂ ಅನ್ನತೊಡಗಿದರು. ಒಂದು ಕಡೆ ಅನ್ನಲಿಲ್ಲ.

“ಯಾಕ ನಿಲ್ಲಿಸಿದಿ, ಅಂಬಕ್ಕಾ?” ಎಂದರು ಬಸಯ್ಯ.

“ನಾ ಎಲ್ಲೆ ನಿಲ್ಲಿಸಿದೆ? ನೀವ ಬಾಯಾಗ ನುಂಗಿದ್ರಿ.”

ನುಂಗಿದ್ದು ಅಮಾಸಿಯನ್ನು. ಅಮಾಸಿಯ ದಿನ ಆ ಸಂಘದಲ್ಲಿ ಮಗ್ಗ ಮುಟ್ಟುವುದಿಲ್ಲ, ಅದು ಸೂಟಿ. ಇದು ಬಸಯ್ಯನಿಗೆ ಗೊತ್ತಿರಲಿಲ್ಲವೆಂದಲ್ಲ, ಬರೆಯುವಷ್ಟು ದೊಡ್ಡ ಸಂಗತಿ ಅನ್ನಿಸಿರಲಿಲ್ಲ. ಅಮಾಸಿಗೆ ಸೂಟಿ ಎಂದು ಈ ಸೀಮೆಯಲ್ಲಿ ಯಾರಿಗೆ ಹೇಳಬೇಕು? ಮುಂಬೈಯಿಂದ ಬಂದ ಯಂತ್ರಕ್ಕೆ ಹೇಳಬೇಕಿತ್ತು. ಅದು ಆವತ್ತು ಎಲ್ಲರೂ ಗೈರು ಎಂದು ತಿಳಿದು ಎಲ್ಲರ ಬೋನಸ್ಸನ್ನೂ ಕತ್ತರಿಸಿತ್ತು.

ಆವತ್ತಿನಿಂದ ಗೋದಾಮಿನ ನಿಯಮ ಹುಟ್ಟಿತು. ಯಾವ ಪ್ರೋಗ್ರಾಮೇ ಇರಲಿ, ಕಾರ್ಡಿಗೆ ಹೋಗುವ ಮೊದಲು ಅಂಬವ್ವನ ಬೆನ್ನಿಗೆ ಕನ್ನಡದಲ್ಲಿ ಓದಬೇಕು. ಇಂಗ್ಲಿಷಿನಲ್ಲಿ ಓದಿದರೆ ನುಂಗಿದ್ದು ಕೇಳುವುದಿಲ್ಲ. ಅಂಬವ್ವನಿಗೆ ಅರ್ಥವಾಗಬೇಕೆಂದೇನೂ ಇಲ್ಲ. ಆಗದಿದ್ದರೆ ಒಳ್ಳೆಯದು.

ಈ ಕಚೇರಿಯ ಸಲಕರಣೆಗಳನ್ನೆಲ್ಲ ನೋಡಿದರೆ ಇದು ಒಪ್ಪುವ ಮಾತೇ. ಬಾಣ, ಚೌಕ, ಓರೆ ಚೌಕಗಳನ್ನು ಕೊರೆದ ಪ್ಲಾಸ್ಟಿಕ್ಕಿನ ಪಟ್ಟಿಯೊಂದಿದೆ. ಪ್ರೋಗ್ರಾಮಿನ ನಕಾಶೆ ಬರೆಯಲಿಕ್ಕೆ. ಓರೆ ಚೌಕ ಬಂದರೆ ಅಲ್ಲೊಂದು ಪ್ರಶ್ನೆ ಇದೆಯೆಂದರ್ಥ. ಅಂಬವ್ವ ಅದನ್ನು ಕರೆಯುವುದು ಶಂಕರಪಾಳಿ. “ಅಯ್ಯಾರ, ಇವತ್ತ ಶಂಕರಪಾಳಿ ಭಾಳ ಕರಿದೀರಿ” ಎಂದರೆ ಬಸಯ್ಯ ನಕಾಶೆಯನ್ನು ಇನ್ನೊಮ್ಮೆ ನೋಡುತ್ತಾರೆ. ಕಾರ್ಡಿನ ಕಟ್ಟಿನ ಅಂಚಿಗೆ ಕೆಂಪು ಪೆನ್ಸಿಲಿನಿಂದ ಓರೆ ಗೆರೆ ಎಳೆದಿರುತ್ತಾರೆ; ಕಟ್ಟು ಕೈಜಾರಿ ನೆಲಕ್ಕೆ ಚೆಲ್ಲಿದರೆ ಗೆರೆ ಕೂಡಿಸಿಕೊಂಡು ಹೋದರಾಯಿತು, ಕಾರ್ಡುಗಳು ತಂತಮ್ಮ ಜಾಗಕ್ಕೆ ಬರುತ್ತವೆ. ಕೆಟ್ಟ ಕಾರ್ಡುಗಳನ್ನು ಅಂಬವ್ವ ಮನೆಗೊಯ್ಯುತ್ತಾರೆ. ಹುಚ್ಚಪ್ಪ ಅವನ್ನು ಹೊಲಿದು ಬೀಸಣಿಗೆ ಮಾಡಿ ಕಳಿಸುತ್ತಾರೆ. ಕರೆಂಟು ಹೋದಾಗ ಪ್ರೋಗ್ರಾಮರುಗಳು ತಮ್ಮ ತಪ್ಪುಗಳಿಂದಲೇ ಗಾಳಿ ಹಾಕಿಕೊಳ್ಳುತ್ತಾರೆ.

ಇನ್ನೊಂದು ಸಾಮಾನಿದೆ, ಯಾವ ಕಂಪನಿಯೂ ಮಾರದ್ದು. ತುದಿ ಮುಕ್ಕಾದ ಹಳೆಯ ಲಾಳಿ, ಅಂಬವ್ವನ ತವರಿನ ಮಗ್ಗದ್ದು. ತಿಂಗಳ ಅತಿ ದೊಡ್ಡ ತಪ್ಪು ಯಾರದೋ ಅವರ ಕುರ್ಚಿಯ ಬೆನ್ನಿಗೆ ಅದು ತೂಗುತ್ತದೆ, ಅವರು ಎಲ್ಲರಿಗೂ ಗಿರ್ಮಿಟ್ಟು ಮಿರ್ಚಿ ತರಿಸಬೇಕು. ಮಲೀಕಸಾಬ ಒಮ್ಮೆ ಸತ್ತವರಿಗೆ ಬಡ್ತಿ ಕೊಟ್ಟು ಲಾಳಿ ಗೆದ್ದಿದ್ದರು. ಈ ತಿಂಗಳು ಅದು ಬಸಯ್ಯನ ಬೆನ್ನಿಗಿದೆ. ಅದರ ಮೇಲಿನ ಧೂಳು ಝಾಡಿಸುವುದು ಅಂಬವ್ವನ ಕೆಲಸ.

ಅಂಬವ್ವ ಕಾರ್ಡ್ ಪಂಚಿಂಗ್ ಕಲಿಯುತ್ತಿರುವ ಸುದ್ದಿ ಹೊರಬಿದ್ದಾಗ ಗೋದಾಮಿನಲ್ಲಿ ದಿಗಿಲು ಬಿತ್ತು. ಹಜರತಬಿ ಊಟದ ಬಿಡುವಿನಲ್ಲಿ ಇಂಗ್ಲಿಷ್ ಅಕ್ಷರ ತೋರಿಸಿಕೊಟ್ಟು ಹಾಜರಿ ಕಾರ್ಡುಗಳ ಮೇಲೆ ಕೈ ಆಡಿಸಲು ಕೊಡುತ್ತಿದ್ದರು. ಹೆಸರು, ಅಂಕಿ, ಅಷ್ಟೇ.

“ಅಂಬಕ್ಕಾ, ನಿನಗ ತಿಳಿಯಾಕ ಹತ್ತಿತಂದ್ರ ನಾವ ಕೆಟ್ವಿ. ನಾ ಯಾರ ಮುಂದ ಓದ್ಲಿ?” ಎಂದು ಬಸಯ್ಯ ಅಂಗಲಾಚಿದರು.

“ನನಗ ತಿಳೀಬಾರ್ದಂತ ಬನಶಂಕರಿಗೆ ಹರಕಿ ಹೊತ್ತೀರೇನ್ರಿ, ಅಯ್ಯಾರ?”

“ನಾಳಿಂದ ನಾ ಉರ್ದುದಾಗ ಓದ್ತೇನಿ, ಆಗ ಅಂಬಕ್ಕಗ ಏನೂ ತಿಳಿಯೂದಿಲ್ಲ” ಎಂದರು ಮಲೀಕಸಾಬ.

“ನಿನ್ನ ಉರ್ದು ನಿಮ್ಮವ್ವಗ ತಿಳಿಯೂದಿಲ್ಲ, ತಮ್ಮಾ. ನನಗೆಲ್ಲಿಂದ ತಿಳೀತದ?”

ಮಾತು ಅಲ್ಲಿಗೆ ಮುಗಿದಿತ್ತು. ಇವತ್ತು ಸಾವ್ಕಾರರು ರುಮಾಲು ಸುತ್ತಿಕೊಂಡು ಪರೀಕ್ಷೆ ನೋಡಲು ಬಂದಿದ್ದಾರೆ. ಅಂಬವ್ವ ಇಳಕಲ್ಲ ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಪಂಚ್ ಯಂತ್ರದ ಮುಂದೆ ಕೂರುತ್ತಾರೆ. ಬಸಯ್ಯ ಹಾಳೆಗಳನ್ನು ಇಡುತ್ತಾರೆ. ಹಾಜರಿಯ ಹೆಸರು ಅಂಕಿಯಲ್ಲ, ಪೂರ್ತಿ ಪ್ರೋಗ್ರಾಮು. ಯಂತ್ರ ಖಟಖಟ ಎನ್ನುತ್ತದೆ. ಅಂಬವ್ವನ ತುಟಿ ಅಲುಗುತ್ತಿದೆ, ಬೆರಳು ನಿಧಾನ, ಆದರೆ ಎಲ್ಲೂ ತಡವರಿಸುವುದಿಲ್ಲ. ಕಾರ್ಡುಗಳು ಒಂದರ ಮೇಲೊಂದು ಬೀಳುತ್ತವೆ.

ಒತ್ತಿದ ಕಾರ್ಡುಗಳನ್ನು ತಪಾಸಣೆಯ ಯಂತ್ರಕ್ಕೆ ಹಾಕಿ ಹಜರತಬಿ ಅದೇ ಹಾಳೆ ನೋಡಿ ಮತ್ತೊಮ್ಮೆ ಒತ್ತಬೇಕು. ಎರಡೂ ತಾಳೆಯಾಗದಿದ್ದಲ್ಲಿ ಕೆಂಪು ದೀಪ. ಮೊದಲ ಕಾರ್ಡಿನ ಕೊನೆಗೆ ಕೆಂಪು ದೀಪ ಹತ್ತುತ್ತದೆ. ಎರಡನೆಯದರ ಕೊನೆಗೆ ಮತ್ತೆ. ಮೂರನೆಯದಕ್ಕೂ ಹತ್ತಿದಾಗ ಹಜರತಬಿ ಮುಖ ಸಣ್ಣದು ಮಾಡಿಕೊಂಡು ತಿರುಗುತ್ತಾರೆ.

“ಅಂಬಕ್ಕಾ, ಚುಕ್ಕಿ ಎಲ್ಲೆ?”

“ಎಂಥಾ ಚುಕ್ಕಿ?”

“ಮಾತು ಮುಗದಲ್ಲೆ ಚುಕ್ಕಿ ಇಡಬೇಕಲ್ಲ. ಹಾಳ್ಯಾಗ ಐತಿ ನೋಡು.”

ಅಂಬವ್ವ ಹಾಳೆಯನ್ನು ಕಣ್ಣ ಹತ್ತಿರ ತರುತ್ತಾರೆ. “ಅಯ್ಯ ನನ ಶಿವನ! ಅಯ್ಯಾರು ಪೆನ್ಸಿಲ್ ಊರಿದ ಗುರ್ತು ಅನಕೊಂಡಿದ್ನೆವ್ವ. ಇದನ್ನ ಯಾರೂ ಒಮ್ಮೆನೂ ಓದಿಲ್ಲಲ್ಲ! ನಾಕ ವರ್ಷ ಕೇಳೇನಿ, ಒಬ್ರ ಬಾಯಾಗೂ ಚುಕ್ಕಿ ಬಂದಿಲ್ಲ.”

ಬಸಯ್ಯ ಮಲೀಕಸಾಬನ ಮುಖ ನೋಡುತ್ತಾರೆ. ನಿಜವೇ. ಅವರು ಎಂದೂ ಚುಕ್ಕಿ ಓದಿಲ್ಲ. ಓದಬೇಕಾಗಿರಲಿಲ್ಲ, ಚುಕ್ಕಿ ಇರುವ ಕಡೆಯಲ್ಲೆಲ್ಲ ಗೋಡೆಯಿಂದ ಹೂಂ ಬರುತ್ತಿತ್ತು. ಅಂಬವ್ವ ಇವತ್ತು ಪ್ರತಿಯೊಂದು ಮಾತಿನ ಕೊನೆಗೆ ಮನಸ್ಸಿನಲ್ಲೇ ಹೂಂ ಅಂದುಕೊಂಡು ಮುಂದಕ್ಕೆ ಹೋಗಿದ್ದಾರೆ.

ಸಾವ್ಕಾರರು ಗಡಿಯಾರ ನೋಡುತ್ತಾರೆ. “ಕರೆಂಟ್ ಇನ್ನೂ ಐತಿ. ಇನ್ನೊಮ್ಮೆ ಮಾಡ್ತೀಯೇನ್, ಅಂಬವ್ವಾ?”

“ಮಾಡ್ತೇನ್ರಿ. ಆದ್ರ ಯಾರರ ಸ್ಟೂಲಿನ ಮ್ಯಾಲೆ ಕುಂಡ್ರಬೇಕು. ನಾ ಬಾಯಿಬಿಟ್ಟು ಓದ್ಕೋತ ಒತ್ತತೇನಿ. ಅವರು ಹೂಂ ಅಂದಲ್ಲೆ ಚುಕ್ಕಿ ಇಡ್ತೇನಿ.”

ಬಸಯ್ಯ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಅಂಬವ್ವ ಅರ್ಧ ಸಾಲು ಓದುವಷ್ಟರಲ್ಲಿ ಹೂಂ ಬರುತ್ತದೆ. ಬರೆದದ್ದು ಅವರೇ, ಮುಂದೇನೆಂದು ಮೊದಲೇ ಗೊತ್ತು. ಎರಡು ಕಾರ್ಡು ಕೆಡುತ್ತವೆ.

“ಏಳ್ರಿ, ಅಯ್ಯಾರ. ನಿಮ್ಮ ಹೂಂ ಓಡತದ.”

ಮಲೀಕಸಾಬ ಕೂರುತ್ತಾರೆ. ಅವರ ಹೂಂ ಸರಿಯಾದ ಜಾಗಕ್ಕೆ ಬರುತ್ತದೆ, ಆದರೆ ನಡುವೆ “ಅಲ್ಲಲೇ ಬಸಯ್ಯ, ಇದನ್ನ ಹಿಂಗ್ಯಾಕ ಬರದಿ?” ಎಂದು ಜಗಳ ತೆಗೆಯುತ್ತಾರೆ. ಬಸಯ್ಯ ಉತ್ತರ ಕೊಡುತ್ತಾರೆ. ಇನ್ನೊಂದು ಕಾರ್ಡು ಕೆಡುತ್ತದೆ. ಹೊರಗೆ ಬಿಸಿಲು ಕದದೊಳಗೆ ಕಾಲಿಟ್ಟಿದೆ. ಅಂಬವ್ವ ತಿರುಗಿ ನೋಡುತ್ತಾರೆ.

“ಸಾವ್ಕಾರ್ರ, ನೀವ ಕುಂಡರ್ರಿ.”

“ನಾ? ನನಗೇನೂ ತಿಳಿಯೂದಿಲ್ಲವಾ.”

“ಅದಕ್ಕ ರೀ” ಎಂದು ನಾಲ್ವರೂ ಒಟ್ಟಿಗೆ ಹೇಳುತ್ತಾರೆ.

ಅರಳೆ ಪೇಟೆಯಲ್ಲಿ ಅವರ ಮುಂದೆ ಯಾರೂ ಕೂತು ಮಾತಾಡುವುದಿಲ್ಲ. ಅಂಥ ಚಂದ್ರಶೇಖರಪ್ಪ ಸಾವ್ಕಾರರು ಧೋತರ ಎತ್ತಿಕೊಂಡು ಗಿಡ್ಡ ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಾರೆ. ಅಂಬವ್ವ ಓದುತ್ತಾರೆ. ಇಂಗ್ಲಿಷ್ ಅಕ್ಷರಗಳು ಇಳಕಲ್ಲಿನ ರಾಗದಲ್ಲಿ ಒಂದೊಂದಾಗಿ ಬರುತ್ತವೆ, ಮಾತು ಮುಗಿದಲ್ಲಿ ದನಿ ಇಳಿಯುತ್ತದೆ. ಅದು ಪೂರ್ತಿ ಇಳಿಯುವವರೆಗೆ ಸಾವ್ಕಾರರು ಕಾಯುತ್ತಾರೆ. ಹರಾಜಿನಲ್ಲಿ ಎದುರಿನವನ ಮಾತು ಮುಗಿಯುವುದನ್ನು ಕಾದು ಕಾದು ಪಳಗಿದ ಕಿವಿ.

“ಹೂಂ.”

ಖಟ್. ಚುಕ್ಕಿ.

ಕಾರ್ಡುಗಳು ಒಂದೊಂದಾಗಿ ಬೀಳುತ್ತವೆ. ಒಂದೆಡೆ ಮಾತ್ರ ಹೂಂ ಬರುವುದಿಲ್ಲ. ಅಂಬವ್ವ ನಿಂತು, ಹಾಳೆಯ ಮೇಲೆ ಬೆರಳಿಟ್ಟು, ತಾವೇ ಒಂದು ಸಾಲು ಹಾರಿಸಿದ್ದನ್ನು ಕಂಡು ಹಿಂದಕ್ಕೆ ಬರುತ್ತಾರೆ. “ನಾನೂ ನುಂಗತೇನಿ ನೋಡ್ರಿ” ಎಂದು ನಗುತ್ತಾರೆ. ಮತ್ತೆ ಓದುತ್ತಾರೆ. ಮತ್ತೆ ಹೂಂ.

ಹಜರತಬಿ ತಪಾಸಣೆಗೆ ಕೂರುತ್ತಾರೆ. ಕಾರ್ಡುಗಳು ಒಳಗೆ ಹೋಗಿ ಹೊರಗೆ ಬರುತ್ತವೆ, ಕೆಂಪು ದೀಪ ತಣ್ಣಗಿರುತ್ತದೆ. ಕೊನೆಯ ಕಾರ್ಡು ಬಿದ್ದು, ಹಜರತಬಿ ಕೈ ಎತ್ತಿ, “ಪಾಸ್!” ಎನ್ನುವಷ್ಟರಲ್ಲಿ ಕರೆಂಟು ಹೋಗುತ್ತದೆ. ಮಬ್ಬಾದ ಕೋಣೆಯಲ್ಲಿ ಸ್ಟೂಲಿನ ಕಡೆಯಿಂದ ಇನ್ನೊಂದು ಹೂಂ ಕೇಳಿಬರುತ್ತದೆ. ಮುಗಿಯಿತೆಂದು ಸಾವ್ಕಾರರಿಗೆ ಯಾರೂ ಹೇಳಿರಲಿಲ್ಲ.

ಬೀಸಣಿಗೆಗಳು ಹೊರಬರುತ್ತವೆ. ಇನ್ನು ಮೇಲೆ ಬಸಯ್ಯ ಯಾರ ಬೆನ್ನಿಗೆ ಓದಬೇಕೆಂಬ ಪ್ರಶ್ನೆ ಏಳುತ್ತದೆ. ಸಾವ್ಕಾರರು ರುಮಾಲು ಸರಿಪಡಿಸಿಕೊಳ್ಳುತ್ತ, “ಮುಂಜಾನಿ ಮನ್ಯಾಗ ನನ್ನ ಮಾತು ಹೆಂಗೂ ಯಾರೂ ಕೇಳೂದಿಲ್ಲ. ಇಲ್ಲೆ ಬಂದು ನಿಮ್ಮದರ ಕೇಳ್ತೇನಿ” ಎನ್ನುತ್ತಾರೆ. ಪಟ್ಟಿಯಲ್ಲಿ ಅಂಬವ್ವನ ಹೆಸರಿನ ಮುಂದಿರುವ ಹುದ್ದೆ ಇವತ್ತೇ ಬದಲಾಗುತ್ತದೆ.

ಅಷ್ಟರಲ್ಲಿ ಮಲೀಕಸಾಬ ಬಸಯ್ಯನ ಕುರ್ಚಿಯಿಂದ ಮುಕ್ಕು ಲಾಳಿಯನ್ನು ಬಿಚ್ಚಿದ್ದಾರೆ. ಅದನ್ನು ಪಂಚ್ ಯಂತ್ರದ ಮುಂದಿನ ಕುರ್ಚಿಯ ಬೆನ್ನಿಗೆ ಕಟ್ಟುತ್ತ, “ಒಂದೂ ಬಿಡದಂಗ ಚುಕ್ಕಿ ನುಂಗ್ಯಾಳ. ಇದಕ್ಕಿಂತ ದೊಡ್ಡ ತಪ್ಪು ಈ ತಿಂಗಳ ಯಾರೂ ಮಾಡೂದಿಲ್ಲ” ಎನ್ನುತ್ತಾರೆ.

“ಏ ಮಲೀಕಭಾಯಿ, ಪರೀಕ್ಷಾದಾಗಿಂದು ಹಿಡೀಬಾರ್ದು. ಪಾಪ, ಮದಲನೇ ದಿನಾನ!” ಎಂದು ಹಜರತಬಿ ಜಗಳಕ್ಕೆ ನಿಲ್ಲುತ್ತಾರೆ.

“ಕಟ್ಟಲಿ ಬಿಡ, ಹಜರತ” ಎಂದು ಅಂಬವ್ವ ತಡೆಯುತ್ತಾರೆ. ಗಿರ್ಮಿಟ್ಟಿಗೆ ಸೆರಗಿನ ಗಂಟು ಬಿಚ್ಚುತ್ತ, ಉಳ್ಳಾಗಡ್ಡಿ ಜಾಸ್ತಿ ಹಾಕಿಸಲು ಹೇಳುತ್ತಾರೆ. ಆಮೇಲೆ ತವರಿನ ಲಾಳಿಯನ್ನು ಕೈಯಲ್ಲಿ ಹಿಡಿದು, ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡುತ್ತಾರೆ. ಬಿಗಿಯಾಗಿದೆ. ಕುರ್ಚಿಯಲ್ಲಿ ಕೂತು ಕೋಣೆಯ ಕಡೆಗೆ ಮುಖ ತಿರುಗಿಸುತ್ತಾರೆ.

“ಕಸ ಹೊಡಿಯಾಕಿ ತಪ್ಪು ಮಾಡಿದ್ರ ಬೈತಾರ್ರಿ. ಲಾಳಿ ಕಟ್ಟೂದಿಲ್ಲ.”